ಕಿಟಕಿ ಕಡೆಯ ಕೆನ್ನೆ

ಮೂವತ್ತು ವರ್ಷಗಳ ಹತ್ತಿರ ಅವನು ಒಂದೇ ದಾರಿಯಲ್ಲಿ ಬಸ್ಸು ಓಡಿಸಿದ. ಬೆಳಿಗ್ಗೆ ಡಿಪೋದಿಂದ ಹೊರಟು, ಸೇತುವೆ ದಾಟಿ, ಬೆಟ್ಟದ ಅಂಚು ಹಿಡಿದು ಮೇಲಿನ ಊರಿಗೆ. ಮಧ್ಯಾಹ್ನದ ಮೇಲೆ ಅದೇ ದಾರಿಯಲ್ಲಿ ಕೆಳಗೆ. ಹೋಗುವಾಗ ಎಳೆಬಿಸಿಲು, ಬರುವಾಗ ಇಳಿಬಿಸಿಲು, ಎರಡೂ ಅವನ ಕಿಟಕಿಗೇ ಬೀಳುತ್ತಿದ್ದವು. ಧೂಳಿಗೆ ಹೆದರಿ ಗಾಜು ಮುಚ್ಚಿಕೊಂಡೇ ಓಡಿಸುತ್ತಿದ್ದ. ಗಾಜಿದೆಯಲ್ಲ, ಬಿಸಿಲು ಏನು ಮಾಡೀತು ಅನ್ನುವ ಧೈರ್ಯ.

ಬರಬರುತ್ತಾ ಅವನ ಮುಖ ಎರಡು ಪಾಲಾಯಿತು. ಒಂದು ಕೆನ್ನೆ ನಯವಾಗಿ ಹಾಗೇ ಉಳಿಯಿತು. ಕಿಟಕಿ ಕಡೆಯದು ಕಂದಿ, ಜೋತು, ಗೆರೆಗೆರೆಯಾಯಿತು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಬಾಯಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದಳು: "ಈ ಕಡೆಯಿಂದ ನೋಡಿದ್ರೆ ನನ್ನ ಗಂಡ. ಆ ಕಡೆಯಿಂದ ನೋಡಿದ್ರೆ ನಮ್ಮ ಮಾವ. ಎದ್ದು ನಿಲ್ಲಬೇಕು ಅನ್ನಿಸುತ್ತೆ."

ಆಮೇಲೆ ಆ ಕೆನ್ನೆಯ ಮೇಲೆ, ಕಣ್ಣಿನ ಕೆಳಗೇ, ಹೊಳೆಯುವ ಒಂದು ಸಣ್ಣ ಗುಳ್ಳೆ ಎದ್ದಿತು. ನೋವಿಲ್ಲ, ಕೆರೆತವಿಲ್ಲ. ಒಡೆಯುತ್ತಿತ್ತು, ಹಕ್ಕಳೆ ಕಟ್ಟುತ್ತಿತ್ತು, ವಾಸಿಯಾಯಿತು ಅನ್ನುವಷ್ಟರಲ್ಲಿ ದಿಂಬಿನ ಮೇಲೆ ಮತ್ತೆ ರಕ್ತದ ಕಲೆ. "ಟವಲ್ ತಾಗಿದೆ, ಬಿಡು" ಎಂದು ಅವನು ತಳ್ಳುತ್ತಾ ಬಂದ. ಕೊನೆಗೆ ಅವಳು ಹೊಲಿಗೆ ಯಂತ್ರ ಮುಚ್ಚಿಟ್ಟು, ಅವನನ್ನು ಚರ್ಮದ ವೈದ್ಯೆಯ ಹತ್ತಿರ ಎಳೆದುಕೊಂಡೇ ಹೋದಳು.

ವೈದ್ಯೆ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಕರೆದು ಹೇಳಿದರು: "ಇದು ಕ್ಯಾನ್ಸರೇ. ಆದರೆ ಹೆದರಬೇಡಿ. ಈ ಬಗೆಯದು ಬೇರೆ ಕಡೆ ಹಬ್ಬೋದು ತೀರಾ ಅಪರೂಪ. ಕತ್ತರಿಸಿ ತೆಗೆದ್ರೆ ಗುಣವಾಗುತ್ತೆ. ವರ್ಷಗಟ್ಟಲೆ ಬಿಸಿಲು ಬಿದ್ದು ಬರೋದು ಇದು."

"ಗಾಜು ಇತ್ತಲ್ಲ ಡಾಕ್ಟ್ರೇ?"

"ಚರ್ಮ ಸುಡೋ ಕಿರಣಗಳನ್ನ ಗಾಜು ಹೆಚ್ಚುಕಮ್ಮಿ ತಡೆಯುತ್ತೆ. ಅದಕ್ಕೇ ನಿಮಗೆ ಉರಿ ಗೊತ್ತಾಗಲಿಲ್ಲ. ನೇರಳಾತೀತ ಕಿರಣಗಳಲ್ಲಿ ಇನ್ನೊಂದು ಬಗೆ ಇದೆ. ಅದು ಗಾಜು ದಾಟಿ ಬಂದು ಚರ್ಮದ ಆಳಕ್ಕೆ ಇಳಿಯುತ್ತೆ. ಈ ಸುಕ್ಕೆಲ್ಲ ಅದರದ್ದೇ ಕೆಲಸ."

ಅವನು ಕೈ ಎತ್ತಿ ಕೆನ್ನೆ ಮುಟ್ಟಿಕೊಂಡ. ಅಷ್ಟು ವರ್ಷ ಪಕ್ಕದಲ್ಲೇ ಕೂತು ಬಂದ ಬಿಸಿಲು ಹೀಗೆ ಮಾಡೀತು ಅಂತ ಅವನಿಗೆ ನಂಬಿಕೆ ಬರಲಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ಪೂರ್ತಿ ಹೋಯಿತು. ಆದರೆ ಗಾಯ ಮಾಗುತ್ತಾ ಕೆಳರೆಪ್ಪೆಯನ್ನು ಜಗ್ಗಿತು. ಗಾಳಿ ತಾಗಿದರೆ ಕಣ್ಣಲ್ಲಿ ನೀರು, ಎದುರಿನದೆಲ್ಲ ಮಂಜು. ಚಾಲಕರ ಕಣ್ಣಿನ ತಪಾಸಣೆಯಲ್ಲಿ ಅವನು ಪಾಸಾಗಲಿಲ್ಲ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರಿಸಿ, ಕೈಗೆ ಮೈಕು ಕೊಟ್ಟರು.

ಬೇರೆಲ್ಲ ಬಸ್ಸುಗಳನ್ನು ಅವನು ಗಡಗಡ ಕೂಗಿಬಿಡುತ್ತಿದ್ದ. ಬೆಟ್ಟದ ಬಸ್ಸಿನ ಸರದಿ ಬಂದರೆ ದನಿ ನಿಧಾನವಾಗುತ್ತಿತ್ತು. ಸೇತುವೆ, ಹಳೇ ಗಿರಣಿ, ಶಾಲೆ ತಿರುವು, ಮೇಲಿನ ಊರು. ಯಾರೂ ಕೇಳದ ನಿಲ್ದಾಣಗಳನ್ನೂ ಬಿಡದೆ ಹೇಳುತ್ತಿದ್ದ. ಬಸ್ಸು ಗೇಟು ದಾಟುವವರೆಗೂ ಕತ್ತು ಚಾಚಿ ನೋಡುತ್ತಿದ್ದ.

ಇತ್ತ ಹೆಂಡತಿಗೆ ಬೇರೆಯದೇ ಸಂಕಟ. ಮದುವೆಯಾದಂದಿನಿಂದ ಅವಳು ಬಯಸಿದ್ದು ಒಂದೇ, ಹೊತ್ತಿಗೆ ಸರಿಯಾಗಿ ಮನೆಗೆ ಬರುವ ಗಂಡ. ಈಗ ಬರುತ್ತಿದ್ದ. ಬಂದು ಎದುರಿಗೆ ಕೂತು, ಗೋಡೆ ನೋಡುತ್ತಿದ್ದ. ಮಾತಾಡಿಸಿದರೆ "ಹ್ಞೂಂ" ಅನ್ನುತ್ತಿದ್ದ. ಕುರ್ಚಿಯಲ್ಲಿ ಕೂತಲ್ಲೇ ಅವನ ಕಾಲು ನೆಲವನ್ನು ಮೆಲ್ಲಗೆ ಒತ್ತುವುದು ಅವಳ ಕಣ್ಣಿಗೆ ಬೀಳುತ್ತಿತ್ತು. ಮನೆಯೊಳಗಿದ್ದೂ ಅವನು ಇನ್ನೂ ಬಂದು ಮುಟ್ಟಿರಲಿಲ್ಲ.

ಒಂದು ರಜೆಯ ದಿನ ಅವಳು ಹೇಳಿದಳು, "ಏಳಿ. ನಾನು ಆ ದಾರಿ ನೋಡೇ ಇಲ್ಲ. ಬೆಟ್ಟದ ಬಸ್ಸಿಗೆ ಹೋಗೋಣ."

"ಪ್ಯಾಸೆಂಜರ್ ಥರ ಹೋಗಿ ಕೂರ್ಲಾ?"

"ಇಲ್ಲ, ಟಾಪಿನ ಮೇಲೆ ಕೂತ್ಕೊಳ್ಳಿ."

ಅವನಿಗೆ ನಗು ಬಂತು. ಅವಳು ಅವನ ಮುಖಕ್ಕೆ, ಕಿವಿಗೆ, ಕತ್ತಿಗೆ ಕ್ರೀಮು ಬಳಿದಳು, ಅಗಲ ಅಂಚಿನ ಟೋಪಿ ಇಟ್ಟಳು. ಬಸ್ಸಿನಲ್ಲಿ ಅವನನ್ನು ನೆರಳಿನ ಕಡೆ ಕೂರಿಸಿ, ತಾನು ಮುಸುಕು ಹೊದ್ದು ಎದುರು ಸಾಲಿನ ಬಿಸಿಲು ಕಿಟಕಿಗೆ ಕೂತಳು. ಕಣಿವೆ ಇದ್ದದ್ದು ಆ ಕಡೆಗೇ. ಅವನ ಪಾಲಿಗೆ ಬರೀ ಕಡಿದ ಬಂಡೆ, ಬಂಡೆಯ ಸಂದಿಯಲ್ಲಿ ಜಿನುಗುವ ನೀರು.

"ಇಳಿಯುವಾಗ ನನ್ನ ಪಕ್ಕದಲ್ಲೇ ಇರ್ತಿದ್ದ ಬಂಡೆ, ನೀರು ಜಿನುಗೋದನ್ನ ಮಾತ್ರ ನಾನು ಗಮನಿಸೇ ಇರಲಿಲ್ಲ" ಎಂದ. ಚೆನ್ನಾಗಿದೆ ಅಂತಲೂ ಸೇರಿಸಿದ. ಆದರೆ ಅವನ ಕತ್ತು ಮತ್ತೆ ಮತ್ತೆ ಆಚೆಗೇ ತಿರುಗುತ್ತಿತ್ತು.

"ನೀವು ಹೇಳ್ತಾ ಹೋಗಿ, ನಾನು ನೋಡ್ತೀನಿ."

"ಈಗ ಕೆಂಪು ಹೆಂಚಿನ ಮನೆ ಬರುತ್ತೆ."

"ಬಂತು."

"ತಿರುವು ಕಳೆದ ಮೇಲೆ ಕೆಳಗಡೆ ಹೊಳೆ ಎರಡಾಗಿ ಸೀಳುತ್ತೆ. ನಡುವೆ ಒಂದು ಮರ."

ಅವಳು ಬಗ್ಗಿ ನೋಡಿದಳು. "ಹೊಳೆ ಇದೆ. ಮರ ಇಲ್ಲ ಕಣ್ರೀ."

"ಸರಿಯಾಗಿ ನೋಡು."

"ಇಲ್ಲ."

ಅವನು ಎದ್ದೇಬಿಟ್ಟ. ಕಂಬಿ ಹಿಡಿದು, ಅವಳ ಮೇಲೆ ಬಾಗಿ, ಬಿಸಿಲಿಗೆ ಮುಖ ಕೊಟ್ಟು ನೋಡಿದ. ಬೇಡ ಅನ್ನಲು ಬಾಯಿ ತೆರೆದವಳು ಅವನ ಮುಖ ನೋಡಿ ಹಿಂದಕ್ಕೆ ಒರಗಿ ಜಾಗ ಬಿಟ್ಟಳು. ಮರ ಇರಲಿಲ್ಲ. ಅವನೇ ಹಿಂದೆ ಸರಿದು ಬಂದು ಕೂತ.

"ನಾನಿಲ್ಲದಾಗ ಹೋಗಿದೆ" ಎಂದ. ಟೋಪಿ ಸರಿಮಾಡಿಕೊಳ್ಳುತ್ತಾ, "ನೋಡೋದಕ್ಕಲ್ಲ ಕಣೆ ನನ್ನ ಆಸೆ. ತಿರುವಲ್ಲಿ ಇಡೀ ಬಸ್ಸು ಕೈಗೆ ಭಾರ ಕೊಡುತ್ತೆ. ಆ ಭಾರ ಬೇಕು ಅನ್ನಿಸುತ್ತೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ. ಮನೇಲಿರೋದು ಬೇಡವಾಯ್ತಾ ಅಂತೀಯ."

"ಅಂತಿದ್ದೆ" ಎಂದಳು ಅವಳು.

ಮೇಲಿನ ಊರಿನಲ್ಲಿ ಹೊಟ್ಟೆ ತುಂಬ ಊಟ ಮಾಡಿದರು. ಇಳಿಯುವಾಗ ಕಣಿವೆ ನೆರಳಿನ ಕಡೆಗೇ ಬಂತು. ಅವಳು ಕಿಟಕಿ ಪಕ್ಕ ಅವನಿಗೆ ಬಿಟ್ಟುಕೊಟ್ಟು, ಜೊತೆಗೆ ಕೂತಳು. "ಕಣ್ತುಂಬ ನೋಡಿ."

ಅವನು ಸ್ವಲ್ಪ ಹೊತ್ತು ನೋಡಿದ. ಮೂರನೇ ತಿರುವು ಕಳೆಯುವಷ್ಟರಲ್ಲಿ ತಲೆ ಅವಳ ಭುಜಕ್ಕೆ ವಾಲಿತು. ಆ ದಾರಿಯಲ್ಲಿ ಅವನು ಒಂದು ದಿನವೂ ರೆಪ್ಪೆ ಮುಚ್ಚಿದವನಲ್ಲ. ಈಗ ಬಾಯಿ ತೆರೆದು, ಗೊರಕೆ ಹೊಡೆಯುತ್ತಾ ಮಲಗಿದ್ದ. ಕಣಿವೆಗೆ ಸಂಜೆ ಇಳಿಯುವುದನ್ನು ಅವನ ತಲೆಯ ಮೇಲಿಂದ ಅವಳೊಬ್ಬಳೇ ನೋಡುತ್ತಾ ಕೂತಳು. ಗಿರಣಿ ಬಂತು, ಸೇತುವೆ ಬಂತು. ಭುಜ ಜೋಮು ಹಿಡಿದಿತ್ತು. ದಾರಿ ಇನ್ನೂ ಒಂದಿಷ್ಟು ಉದ್ದ ಇರಬಾರದಿತ್ತೇ ಅನ್ನಿಸಿತು ಅವಳಿಗೆ.