ಕಪಾಟಿನಲ್ಲಿ ಉಳಿದ ಹಿಡಿ ಮಣ್ಣು

ನಾನು ಒಂದು ಹಿಡಿ ಬಿಳಿ ಜೇಡಿಮಣ್ಣು. ಮಣ್ಣಿಗೆಂಥ ಕಥೆ ಅಂತ ಮೂಗು ಮುರಿಯಬೇಡಿ. ನೆಲದಡಿ ತಣ್ಣಗೆ ಮಲಗಿದ್ದ ನನ್ನನ್ನು ಅಗೆದು, ತೊಳೆದು, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬಿಸಿಗಾಳಿಯಲ್ಲಿ ಚಿಮ್ಮಿಸಿದರು. ಕೆಳಗಿಳಿಯುವಷ್ಟರಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಕಾಳುಗಳಾಗಿದ್ದೆ. ದಪ್ಪ ಎಣ್ಣೆಯನ್ನು ಒಡೆದು ಪೆಟ್ರೋಲ್ ಮಾಡುವ ಪದಾರ್ಥ ಬೇರೆಯೇ ಇದೆ. ಅದನ್ನು ಮೈಯೊಳಗೆ ಹೊತ್ತು ಬೆಂಕಿಯಲ್ಲಿ ಸುತ್ತುವುದು ನಮ್ಮ ಕೆಲಸ. ಹೆಸರು ಅದಕ್ಕೆ, ಹೊರೆ ನಮಗೆ!

ಲಾರಿಯಲ್ಲಿ ಕಡಲ ಬದಿಯ ಎಣ್ಣೆ ಕಾರ್ಖಾನೆಗೆ ಬಂದೆವು. ಲ್ಯಾಬಿನ ವಿನೋದಿನಿಯಮ್ಮ ಪರೀಕ್ಷೆ ಮಾಡಿ, "ಗಟ್ಟಿ ಉಂಟು, ಹಾಕಬಹುದು" ಎಂದು ಸಹಿ ಹಾಕಿದರು. ಜೊತೆಗೆ ಬಂದ ಅಣ್ಣತಮ್ಮಂದಿರೆಲ್ಲ ಕುಲುಮೆಗೆ ಹೋದರು. ನನ್ನನ್ನು ಮಾತ್ರ ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟರು. ಮುಂದೆ ಅನುಮಾನ ಬಂದರೆ ತೆಗೆದು ನೋಡಲು ನಾನು ಮಾದರಿಯಂತೆ! ಸಿಟ್ಟು ನೆತ್ತಿಗೇರಿತು. ವಾರಕ್ಕೊಮ್ಮೆ ಪರೀಕ್ಷೆಗೆ ಬರುವ ಅಣ್ಣತಮ್ಮಂದಿರು ಬೂದು ಬಣ್ಣಕ್ಕೆ ತಿರುಗಿ, "ಅಯ್ಯೋ, ನೀನಿನ್ನೂ ಬೆಳ್ಳಗೇ ಇದ್ದೀಯಾ?" ಅಂತ ಗೇಲಿ ಮಾಡುತ್ತಿದ್ದರು.

ಮ್ಯಾನೇಜರ್ ಕೊಟ್ಟಾರಿಯವರಿಗೂ ನಾನೆಂದರೆ ಆಗದು. "ಈ ಬಾಟಲಿಗಳನ್ನೆಲ್ಲ ಬಿಸಾಡಿ ಮಾರಾಯ್ರೆ, ಕೈಯಿಡ್ಲಿಕ್ಕೆ ಜಾಗ ಇಲ್ಲ."

"ಇರ್ಲಿ ಸಾರ್, ಅದು ಅನ್ನ ನೀರು ಕೇಳುದಿಲ್ಲ ಅಲ್ವಾ?" ಎನ್ನುತ್ತಿದ್ದರು ವಿನೋದಿನಿಯಮ್ಮ.

ನಾವು ಬಂದ ಎಂಟನೇ ತಿಂಗಳಲ್ಲಿ ಚಿಮಣಿಯಿಂದ ಬೂದು ಧೂಳು ಏಳತೊಡಗಿತು. ಅಣ್ಣತಮ್ಮಂದಿರು ಹಾರಿಹೋಗುತ್ತಿದ್ದರು. ಕೊಟ್ಟಾರಿಯವರು ಬಾಗಿಲಲ್ಲೇ ಕೂಗಿದರು: "ಮೆದು ಮಣ್ಣನ್ನು ಪಾಸು ಮಾಡಿದ್ದು ನೀವೇ! ಒಳಗೆ ಎಲ್ಲ ಪುಡಿಯಾಗಿದೆ. ತಪ್ಪು ನನ್ನದು ಅಂತ ಸಂಜೆಯೊಳಗೆ ಬರೆದುಕೊಡಿ." ಹತ್ತೊಂಬತ್ತು ವರ್ಷದ ಕೆಲಸ ಹೋಗುವುದರಲ್ಲಿತ್ತು. ವಿನೋದಿನಿಯಮ್ಮ ಪೆನ್ನು ಕೈಗೆತ್ತಿಕೊಂಡರು. ಆಮೇಲೆ ಅವರ ಕಣ್ಣು ಕಪಾಟಿನ ಕಡೆ ಹೋಯಿತು.

"ಸಾರ್, ಅದೇ ಲೋಡಿನ ಮಣ್ಣು ಇಲ್ಲುಂಟು. ನಿಮ್ಮೆದುರೇ ನೋಡುವ."

ನನ್ನನ್ನು ತೂಗಿ, ಕೊಳವೆಗೆ ಸುರಿದು, ಅಡಿಯಿಂದ ಗಾಳಿ ಬಿಟ್ಟರು. ಐದು ಗಂಟೆ! ಗೋಡೆಗೆ ಬಡಿದೆ, ನನಗೆ ನಾನೇ ಬಡಿದೆ. ನಾನು ಪುಡಿಯಾದರೆ ಅವರ ಕೆಲಸ ಹೋಗುತ್ತದೆ. ಬೆಂಕಿ ಬೇಕು, ತಿರುಗಾಟ ಬೇಕು ಅಂತ ಕೊರಗಿದ್ದವನಿಗೆ ಅವತ್ತು ಭಯವೋ ಭಯ. ವಿನೋದಿನಿಯಮ್ಮ ಊಟಕ್ಕೂ ಏಳಲಿಲ್ಲ.

ಕೊನೆಗೆ ಮತ್ತೆ ತಕ್ಕಡಿಗೆ ಹಾಕಿದರು. ಪುಡಿಯಾದದ್ದು ನೂರಕ್ಕೆ ಎರಡು ಪಾಲು ಮಾತ್ರ. ಕೊಟ್ಟಾರಿಯವರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ಕುಲುಮೆ ನಿಲ್ಲಿಸಿ ಒಳಗಿಳಿದಾಗ ಸಂಗತಿ ತಿಳಿಯಿತು: ಹಾರುವ ಕಾಳುಗಳನ್ನು ಹಿಡಿದು ವಾಪಸು ಕಳಿಸುವ, ಲಾಳಿಕೆಯಂಥ ಪಾತ್ರೆ ಸವೆದು ತೂತಾಗಿತ್ತು.

"ತಪ್ಪಾಯ್ತು ವಿನೋದಿನಿಯವ್ರೇ," ಎಂದರು ಕೊಟ್ಟಾರಿಯವರು. ವಿನೋದಿನಿಯಮ್ಮ ಅತ್ತದ್ದು ಅವರು ಹೋದ ಮೇಲೆ, ನನ್ನ ಬಾಟಲಿ ಹಿಡಿದುಕೊಂಡು.

ಅಣ್ಣತಮ್ಮಂದಿರು ದಣಿದು ಸಿಮೆಂಟ್ ಕಾರ್ಖಾನೆ ಸೇರಿದರು, ಎಲ್ಲಿಯದೋ ಗೋಡೆಯಾಗಿರಬೇಕು. ಪರೀಕ್ಷೆಯಾದ ಮಣ್ಣನ್ನು ಚೆಲ್ಲಬೇಕೆಂಬುದು ನಿಯಮ. ವಿನೋದಿನಿಯಮ್ಮ ಚೆಲ್ಲಲಿಲ್ಲ, ನನ್ನನ್ನು ಮತ್ತೆ ಬಾಟಲಿಗೆ ತುಂಬಿ ಕಪಾಟಿನಲ್ಲೇ ಇಟ್ಟರು. ಹೊಸ ಲೋಡ್ ಬಂದಾಗ ಈಗ ಕೊಟ್ಟಾರಿಯವರೇ ಮೊದಲು ಕೇಳುತ್ತಾರೆ: "ಒಂದು ಹಿಡಿ ತೆಗೆದಿಟ್ಟಿರಲ್ಲ?"

ನನ್ನ ಪಕ್ಕದ ಹೊಸ ಬಾಟಲಿ ದಿನವಿಡೀ ಗೊಣಗುತ್ತದೆ, ತನ್ನನ್ನು ಯಾರೂ ಕುಲುಮೆಗೆ ಕರೆಯಲಿಲ್ಲವಂತೆ. ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಅದರ ಸರದಿ ಬರದೇ ಇರಲಿ. ಬಂದರೆ ಆ ಐದು ಗಂಟೆ ಗಟ್ಟಿಯಾಗಿ ನಿಲ್ಲಲಿ.