ಇಟ್ಟಿಗೆಯ ಮುಂದೆ ನಿಂಬೆಹಣ್ಣು

"ಈ ಸಲದ ಆಯುಧಪೂಜೆಗೆ ಗಾಡಿ ಸ್ಟಿಯರಿಂಗ್ ನಿಮ್ಮ ಕೈಗೆ ಕೊಡ್ತೀನಿ ಅಮ್ಮಣ್ಣಿಯವ್ರೇ. ಕೊಡ್ದಿದ್ರೆ ನನ್ನ ಹೆಸರು ಚೆಲುವಾಚಾರಿ ಅಲ್ಲ."

ಇಪ್ಪತ್ತಾರು ವರ್ಷದ ಹಿಂದೆ ಮೈಸೂರಿನ ಒಂದು ಗ್ಯಾರೇಜಿನ ಅಂಗಳದಲ್ಲಿ ಎದೆ ತಟ್ಟಿಕೊಂಡು ಆಡಿದ ಮಾತು ಇದು. ಆಡಿದವನ ಹೆಸರು ಇವತ್ತಿಗೂ ಚೆಲುವಾಚಾರಿಯೇ. ನನ್ನ ಸಿಟ್ಟಿಗೆ ಬೇರೆ ಕಾರಣ ಬೇಕಿಲ್ಲ.

ನಾನು ಒಂದು ಕಾರು. ಇಬ್ಬರೇ ಕೂರಬಹುದಾದ, ಉದ್ದ ಮೂತಿಯ, ಮಡಿಚಿಡುವ ಬಟ್ಟೆ ಹೊದಿಕೆಯ ಇಂಗ್ಲೆಂಡಿನ ಕಾರು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಹುಟ್ಟಿದೆ. ಹುಟ್ಟಿದ ಕಾರ್ಖಾನೆಯಲ್ಲಿ ಕೈಗಳು ಬಹಳ, ಮಾತು ಕಡಿಮೆ. ಒಬ್ಬ ಬೋಲ್ಟು ತೂರಿಸಿದರೆ ಇನ್ನೊಬ್ಬ ನಟ್ಟು ಬಿಗಿಯುತ್ತಿದ್ದ. ಯಾರೂ ನನಗೆ ಏನನ್ನೂ ವಾಗ್ದಾನ ಮಾಡಲಿಲ್ಲ, ಸುಮ್ಮನೆ ಕಟ್ಟಿ ಮುಗಿಸಿದರು. ಆಮೇಲೆ ಕಡು ಹಸಿರು ಬಣ್ಣ ಬಳಿದು ಹಡಗು ಹತ್ತಿಸಿದರು. ಕೋಲಾರದ ಚಿನ್ನದ ಗಣಿಯ ಒಬ್ಬ ಇಂಗ್ಲಿಷ್ ಎಂಜಿನಿಯರ್ ನನ್ನನ್ನು ತರಿಸಿಕೊಂಡಿದ್ದ. ಐದು ವರ್ಷ ಓಡಿಸಿದ. ಊರಿಗೆ ಹೊರಟ ದಿನ ನನ್ನ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ ಹೋದ, ಅಷ್ಟೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಅಲ್ಲಿಂದ ನನ್ನನ್ನು ಮೈಸೂರಿಗೆ ತಂದವರು ಕಾಂತರಾಜೇ ಅರಸು. ದನದ ಡಾಕ್ಟರು. ದನದ ಡಾಕ್ಟರಿಗೆ ರೇಸಿನ ಕಾರು ಯಾತಕ್ಕೆ ಎಂದು ಊರೆಲ್ಲ ನಕ್ಕಿತು. ನನಗೂ ಮೊದಮೊದಲು ನಾಚಿಕೆಯಾಗಿತ್ತು. ಎಡಗಡೆ ಸೀಟಿನಲ್ಲಿ ಗೋಣಿಚೀಲ ಹಾಸಿ ಕಾಯಿಲೆಯ ಕರುವನ್ನು ಕೂರಿಸಿಕೊಂಡು ಆಸ್ಪತ್ರೆಗೆ ಬರುತ್ತಿದ್ದರು. ಗಾಳಿಗೆ ಕಿವಿ ಅಲ್ಲಾಡಿಸಿಕೊಂಡು ಕರು ಗಂಭೀರವಾಗಿ ಕೂತಿರುತ್ತಿತ್ತು. ಕರುವಿಲ್ಲದ ದಿನ ಆ ಸೀಟಿನಲ್ಲಿ ಅವರ ಮಗಳು ಪದ್ಮಜಮ್ಮಣ್ಣಿ ಕೂರುತ್ತಿದ್ದಳು. ಹದಿನೆಂಟು ತುಂಬಿದ ವಾರವೇ ಅವಳು ಬಲಗಡೆ ಸೀಟಿಗೆ ಬಂದಳು. ಅಪ್ಪ ಎಡಗಡೆಗೆ ಸರಿದರು.

ಅಪ್ಪ ಹೋದ ಮೇಲೆ ನಾನು ಅವಳ ಪಾಲಿಗೆ ಬಂದೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಆಕೆ. ಮಕ್ಕಳ ಬಾಯಲ್ಲಿ "ಅಮ್ಮಣ್ಣಿ ಮಿಸ್". ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ವತಃ ಬಾನೆಟ್ ಎತ್ತಿ, ಎಣ್ಣೆ ನೋಡಿ, ಗಂಟೆ ಹೊಡೆಯುವ ಮೊದಲೇ ಶಾಲೆ ತಲುಪುತ್ತಿದ್ದರು. ಇಪ್ಪತ್ತೇಳು ವರ್ಷ! ಅಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಗೇರು ಕಿರುಗುಟ್ಟುವಂತೆ ಹಾಕಲಿಲ್ಲ.

ಅವರು ನಿವೃತ್ತಿಯಾದ ವರ್ಷ ನನ್ನ ಡೈನಮೋ ಸೋತಿತು. ದೊಡ್ಡ ಕಾಯಿಲೆಯೇನಲ್ಲ. ಬ್ಯಾಟರಿಗೆ ಚಾರ್ಜು ಏರುತ್ತಿರಲಿಲ್ಲ, ತಳ್ಳಿದರೆ ಹೊರಡುತ್ತಿದ್ದೆ. ಹಾಗೆ ತಳ್ಳಿಸಿಕೊಂಡೇ ಚೆಲುವಾಚಾರಿಯ ಗ್ಯಾರೇಜಿಗೆ ಬಂದೆ.

ಅಮ್ಮಣ್ಣಿ ಮಿಸ್ ಕೀ ಕೊಡುವ ಮೊದಲು ಹೇಳಿದ್ದು ಒಂದೇ ಮಾತು. "ಆಚಾರ್ರೇ, ಒಂದು ಗಮನ ಇರ್ಲಿ. ಈ ಕಾರಲ್ಲಿ ಬ್ಯಾಟರಿ ಪ್ಲಸ್ಸು ಗಾಡಿ ಮೈಗೆ ಹೋಗುತ್ತೆ. ನಮ್ಮ ಗಾಡಿಗಳ ಹಾಗೆ ಮೈನಸ್ಸಲ್ಲ. ಹಳೇ ಇಂಗ್ಲಿಷ್ ಗಾಡಿಗಳು ಹೀಗೇ."

ಚೆಲುವಾಚಾರಿ ನಕ್ಕ. ಅವನ ನಗು ದೊಡ್ಡದು, ಅಂಗಳ ತುಂಬುತ್ತಿತ್ತು. "ಅಮ್ಮಣ್ಣಿಯವ್ರೇ, ನೀವು ಮಕ್ಳಿಗೆ ಪಾಠ ಹೇಳಿ. ಕಬ್ಬಿಣಕ್ಕೆ ನಾನು ಹೇಳ್ತೀನಿ. ನಮ್ಮಪ್ಪನ ಕಾಲದಿಂದ್ಲೂ ಇದೇ ಕಸುಬು ನಮ್ದು."

ಅವರು ಶಾಲೆಯ ಬೀಳ್ಕೊಡುಗೆಗೆ ಹೋದರು. ಅವನು ಹೊಸ ಬ್ಯಾಟರಿ ತಂದು ಮೈನಸ್ಸನ್ನು ನನ್ನ ಮೈಗೆ ಕಟ್ಟಿದ. ಕೀ ತಿರುಗಿಸಿದ.

ಸುಡುವುದು ಎಂದರೇನು ಎಂದು ಅವತ್ತು ನನಗೆ ಗೊತ್ತಾಯಿತು. ಡ್ಯಾಶ್‌ಬೋರ್ಡಿನ ಹಿಂದಿನ ತಂತಿಗಳು ಒಂದನ್ನೊಂದು ತಬ್ಬಿಕೊಂಡು ಕರಗಿದವು. ಡೈನಮೋ ಕರಕಲಾಯಿತು. ಚೆಲುವಾಚಾರಿ ಗಾಬರಿಯಿಂದ ಬ್ಯಾಟರಿ ಕಿತ್ತೆಸೆದು, ಒದ್ದೆ ಗೋಣಿ ಹೊದಿಸಿ, ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದ. ಕೊರಳಲ್ಲಿ ಬೀಳ್ಕೊಡುಗೆಯ ಹಾರ ಹಾಕಿಕೊಂಡೇ ಅಮ್ಮಣ್ಣಿ ಮಿಸ್ ವಾಪಸು ಬಂದಾಗ ಅಂಗಳದಲ್ಲಿ ಇನ್ನೂ ವಾಸನೆಯಿತ್ತು.

"ಏನಿದು ವಾಸನೆ, ಆಚಾರ್ರೇ?"

"ವೈರಿಂಗ್ ಪೂರ್ತಿ ಹಳೇದಾಗಿದೆ ಅಮ್ಮಣ್ಣಿಯವ್ರೇ. ಮುಟ್ಟಿದ್ರೆ ಪುಡಿಪುಡಿ. ಒಂದು ಕೆಲ್ಸ ಮಾಡಾಣ. ಪೂರ್ತಿ ಬಿಚ್ಚಿ, ಮದುಮಗಳ ಥರ ಮಾಡ್ಕೊಡ್ತೀನಿ."

ಆಗಲೇ ಅವನು ಆ ಮಾತು ಕೊಟ್ಟದ್ದು. ಕೊಟ್ಟ ಮಾತಿನ ಕೆಳಗೆ ಸುಟ್ಟ ತಂತಿ ಇತ್ತು.

ಬಿಚ್ಚುವುದರಲ್ಲಿ ಅವನಂಥ ಗಟ್ಟಿಗನಿಲ್ಲ. ಒಂಬತ್ತು ದಿನದಲ್ಲಿ ನನ್ನನ್ನು ಒಂದು ಅಸ್ಥಿಪಂಜರ ಮಾಡಿ ಹದಿನಾರು ಇಟ್ಟಿಗೆಯ ಮೇಲೆ ನಿಲ್ಲಿಸಿದ. ನನ್ನ ನಟ್ಟುಗಳು ಇಂಚಿನ ಲೆಕ್ಕದವು, ಅವನ ಸ್ಪ್ಯಾನರುಗಳು ಮಿಲಿಮೀಟರಿನವು. ಕೂರದಿದ್ದರೂ ತುರುಕಿದ, ತಿರುಚಿದ. ಆರು ಮೂಲೆಯ ತಲೆಗಳೆಲ್ಲ ಗೋಲಿಯಾದವು. ಎಂಜಿನ್ನಿನದು, ಬಾಗಿಲಿನದು, ಬ್ರೇಕಿನದು ಎಂದು ಬೇರೆ ಬೇರೆ ಇಡಬೇಕೆಂಬ ಬುದ್ಧಿಯಾದರೂ ಬೇಡವೇ? ಎಲ್ಲವನ್ನೂ ಒಂದೇ ಎಣ್ಣೆಡಬ್ಬಕ್ಕೆ ಸುರಿದ. ಸಂಸಾರ ನಡೆಸುವ ಯಾರಿಗಾದರೂ ಗೊತ್ತು, ಹರಡುವವನಿಗೆ ಒಂದು ಗಳಿಗೆ ಸಾಕು, ಎತ್ತಿಡುವವಳಿಗೆ ಇಡೀ ದಿನ.

ಆಮೇಲೆ ಮದುವೆ ಕಾಲದ ಟ್ಯಾಕ್ಸಿಗಳು ಬಂದವು. ಶಾಲೆ ವ್ಯಾನುಗಳು ಬಂದವು. ನನ್ನ ಬಾನೆಟ್ಟು ನೀರಿನ ಪಂಪಿಗೆ ಸೂರಾಯಿತು. ಒಂದು ಹೆಡ್‌ಲೈಟಿನ ಬಟ್ಟಲಿನಲ್ಲಿ ಊದುಬತ್ತಿಯ ಬೂದಿ ಬೀಳುತ್ತಿತ್ತು. ಕರುಗಳು ಕೂರುತ್ತಿದ್ದ ಎಡಗಡೆಯ ಸೀಟನ್ನು ಚೆಲುವಾಚಾರಿ ಜಗುಲಿಗೆ ಹಾಕಿಕೊಂಡು, ಅದರ ಮೇಲೆ ಕಾಲು ಚಾಚಿ ಪೇಪರು ಓದಿದ. ಕರುಗಳೇ ಎಷ್ಟೋ ವಾಸಿ.

ವರ್ಷಕ್ಕೊಮ್ಮೆ ಮಾತ್ರ ಅವನಿಗೆ ನನ್ನ ನೆನಪು ತಪ್ಪದೆ ಬರುತ್ತಿತ್ತು. ಆಯುಧಪೂಜೆಯ ದಿನ ಅಂಗಳದ ಗಾಡಿಗಳಿಗೆಲ್ಲ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಚಕ್ರಗಳ ಮುಂದೆ ನಿಂಬೆಹಣ್ಣು. ಬೂದುಗುಂಬಳ ಒಡೆದ ಮೇಲೆ ಗಾಡಿಗಳು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿಕೊಂಡು ಹೊರಡುತ್ತವೆ. ನನಗೂ ವಿಭೂತಿ ಬಳಿದ. ನನಗೆ ಚಕ್ರವಿರಲಿಲ್ಲ, ನಾಲ್ಕು ಮೂಲೆಯ ಇಟ್ಟಿಗೆಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟ! ಇಟ್ಟಿಗೆ ಎಲ್ಲಿಗೆ ಹೋಗುತ್ತದೆ? ಹಣ್ಣುಗಳು ಅಲ್ಲೇ ಒಣಗಿ, ಕಪ್ಪಾಗಿ, ಕಲ್ಲಿನಂತಾದವು. ಮುಂದಿನ ವರ್ಷ ಮತ್ತೆ ನಾಲ್ಕು. ಅದಕ್ಕಿಂತ ಒದ್ದಿದ್ದರೆ ನನಗೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಅಮ್ಮಣ್ಣಿ ಮಿಸ್ ಪ್ರತಿ ವರ್ಷ ಬಂದರು. ಕೈಗೆ ಕಡ್ಲೆಪುರಿ ಪೊಟ್ಟಣ ತೆಗೆದುಕೊಂಡು ನನ್ನ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದರು. ಹತ್ತನೆಯ ವರ್ಷ ತುಂಬಿದ ಅಂಗಳದಲ್ಲಿ ನೇರವಾಗಿ ಕೇಳಿದರು.

"ಆಚಾರ್ರೇ, ಸ್ಟಿಯರಿಂಗ್ ಕೈಗೆ ಕೊಡ್ತೀನಿ ಅಂದಿದ್ರಿ."

ಚೆಲುವಾಚಾರಿ ಸುತ್ತ ನೋಡಿದ. ಜನ ಇದ್ದರು. ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ಸ್ಟಿಯರಿಂಗ್ ಚಕ್ರ ಇಳಿಸಿ, ಪ್ಯಾಂಟಿಗೆ ಒರೆಸಿ, ಪ್ರಸಾದ ಕೊಡುವವನ ಹಾಗೆ ಬಗ್ಗಿ ಅವರ ಮಡಿಲಿಗಿಟ್ಟ.

"ತಗೊಳಿ, ಕೊಟ್ಟೆ! ಚೆಲುವಾಚಾರಿ ಮಾತು ಅಂದ್ರೆ ಮಾತು."

ಅಂಗಳವೆಲ್ಲ ನಕ್ಕಿತು. ನಗದವರು ಇಬ್ಬರು. ಒಬ್ಬಳು ಅವನ ಮಗಳು ಯಶೋದ, ಅಮ್ಮಣ್ಣಿ ಮಿಸ್‌ನ ಹಳೆಯ ವಿದ್ಯಾರ್ಥಿನಿ. ಸೊಂಟದ ಮೇಲೆ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇನ್ನೊಬ್ಬರು ಅಮ್ಮಣ್ಣಿ ಮಿಸ್. ಚಕ್ರದ ಅಂಚಿನ ಮೇಲೆ ಒಮ್ಮೆ ಬೆರಳು ಸುತ್ತಿಸಿ, ಬಟ್ಟೆಚೀಲಕ್ಕೆ ಹಾಕಿಕೊಂಡು ಎದ್ದರು.

"ಅಯ್ಯೋ, ತಮಾಷೆಗೆ ಅಂದೆ ಅಮ್ಮಣ್ಣಿಯವ್ರೇ. ಅದು ಇಲ್ಲೇ ಇರ್ಲಿ."

"ನೀವು ಕೊಟ್ಟಿರಿ. ನಾನು ತಗೊಂಡೆ," ಎಂದು ಅವರು ಹೊರಟೇಹೋದರು. ಅಂಗಳದ ನಗು ಅಲ್ಲಿಗೆ ನಿಂತಿತು.

ಅದಾದ ಮೇಲೂ ಅವರು ವರ್ಷ ತಪ್ಪಿಸಲಿಲ್ಲ. ಆದರೆ ಕೇಳುವುದನ್ನು ಬಿಟ್ಟರು. ಚೆಲುವಾಚಾರಿಯ ಕೈ ನಡುಗತೊಡಗಿ, ಗ್ಯಾರೇಜು ಯಶೋದಳ ತಲೆಗೆ ಬಂತು. ಬೆಳಗ್ಗೆ ಎರಡು ಮಕ್ಕಳ ಡಬ್ಬಿ ಕಟ್ಟಿ, ಹಗಲೆಲ್ಲ ಗಾಡಿಗಳ ಕೆಳಗೆ ಮಲಗಿ, ಸಂಜೆ ಮತ್ತೆ ಒಲೆಯ ಮುಂದೆ ನಿಲ್ಲುವವಳು. ನನ್ನ ಕಡೆ ನೋಡಲು ಅವಳಿಗೆ ಪುರಸೊತ್ತಿರಲಿಲ್ಲ. ನಿಜ ಹೇಳುತ್ತೇನೆ, ಅವಳ ಮೇಲೂ ನನಗೆ ಸಿಟ್ಟಿತ್ತು.

ಇಪ್ಪತ್ತನಾಲ್ಕನೆಯ ಆಯುಧಪೂಜೆ. ಯಶೋದ ಇಟ್ಟಿಗೆಗಳ ಮುಂದೆ ನಿಂಬೆಹಣ್ಣು ಇಡುತ್ತಿದ್ದಳು. ಸ್ಟೂಲಿನ ಮೇಲಿದ್ದ ಅಮ್ಮಣ್ಣಿ ಮಿಸ್ ಹೇಳಿದರು. "ಮುಂದಿನ ವರ್ಷ ಇದನ್ನ ಇಡ್ಬೇಡ ಮಗು. ಹಣ್ಣು ದಂಡ. ಎಡಗಣ್ಣು ಪೂರ್ತಿ ಹೋಯ್ತು ನಂದು. ಬಲಗಣ್ಣಿಗೆ ಇನ್ನೊಂದೆರಡು ವರ್ಷ ಅಂದಿದಾರೆ ಡಾಕ್ಟ್ರು."

ಯಶೋದ ಕೈಯಲ್ಲಿದ್ದ ನಾಲ್ಕನೆಯ ಹಣ್ಣನ್ನು ಕೆಳಗಿಡಲಿಲ್ಲ. ಜಗುಲಿಯ ಮೇಲೆ ನನ್ನ ಸೀಟಿನಲ್ಲಿ ಒರಗಿದ್ದ ಅಪ್ಪನ ಮುಂದೆ ಹೋಗಿ ನಿಂತಳು.

"ಏಳಪ್ಪ."

"ಯಾಕೆ?"

"ಸೀಟ್ ಬೇಕು."

ಅವತ್ತಿನಿಂದ ಒಂದು ವರ್ಷ, ಭಾನುವಾರಗಳು ಮತ್ತು ಊಟದ ಹೊತ್ತಿನ ಅರ್ಧರ್ಧ ಗಂಟೆ ನನ್ನದಾದವು. ಪಂಪಿನ ಮೇಲಿಂದ ಬಾನೆಟ್ ಇಳಿಯಿತು. ಎಣ್ಣೆಡಬ್ಬವನ್ನು ಹಳೆಯ ಸೀರೆಯ ಮೇಲೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದೇ ನಟ್ಟು ಆರಿಸಿದಳು. ಹಾಳಾದದ್ದಕ್ಕೆ ಹೊಸದನ್ನು ಲೇತಿನಲ್ಲಿ ಮಾಡಿಸಿದಳು. ಇಂಚಿನ ಸ್ಪ್ಯಾನರು ಎಲ್ಲಿ ಸಿಗುತ್ತದೆಂದು ಕೇಳಲು ಅಮ್ಮಣ್ಣಿ ಮಿಸ್ ಮನೆಗೆ ಹೋದಳು. ಅವರು ಅಲಮಾರದಿಂದ ಒಂದು ಚರ್ಮದ ಸುರುಳಿ ತೆಗೆದು ಕೊಟ್ಟರು. ಅರಸು ಡಾಕ್ಟರದು. ಒಂದೂ ಕಳೆದಿರಲಿಲ್ಲ, ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ.

"ಇದು ಇಷ್ಟು ವರ್ಷ ಇಲ್ಲೇ ಇತ್ತಾ ಮಿಸ್?"

"ಇಲ್ಲೇ. ನಿಮ್ಮಪ್ಪ ಕೇಳ್ಲಿಲ್ಲ."

ಗ್ಯಾರೇಜಿನಿಂದ ಎರಡೇ ಬೀದಿಯಾಚೆ! ಯಶೋದಳ ಬಾಯಿಂದ ಅದನ್ನು ಕೇಳಿದಾಗ ನನಗೆ ಬಂದ ಕೋಪಕ್ಕೆ ಎಂಜಿನ್ ಇದ್ದಿದ್ದರೆ ಆ ಗೋಡೆ ಉಳಿಯುತ್ತಿರಲಿಲ್ಲ.

ಡ್ಯಾಶ್‌ಬೋರ್ಡ್ ಜೋಡಿಸುವ ದಿನ ಯಶೋದಳ ಕೈಗೆ ಹಳೆಯ ತಂತಿಯ ಕಂತೆ ಸಿಕ್ಕಿತು. ಕರಗಿ ಉಂಡೆಯಾಗಿತ್ತು. ಒಯ್ದು ಅಪ್ಪನ ಮುಂದೆ ಹಿಡಿದಳು.

"ಅಪ್ಪಾ, ಇದು ಹಳೇ ವೈರಾ, ಸುಟ್ಟ ವೈರಾ?"

ಚೆಲುವಾಚಾರಿ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ಪ್ಲಸ್ಸನ್ನ ಯಾರಾದ್ರೂ ಗಾಡಿ ಮೈಗೆ ಕಟ್ತಾರೇನೇ?"

"ಮಿಸ್ ಹೇಳಿರ್ಲಿಲ್ವಾ?"

"ಹೇಳಿದ್ರು."

"ಮತ್ತೆ?"

"ಹೆಂಗಸರ ಮಾತು ಕೇಳ್ಕೊಂಡು ಯಾರು ರಿಪೇರಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ಎದುರಿಗೆ ನಿಂತವಳ ಮೊಳಕೈವರೆಗೂ ಗ್ರೀಸು ಮೆತ್ತಿತ್ತು. ಯಶೋದ ಆ ಕಂತೆಯನ್ನು ಗೋಡೆಗೆ ಬಡಿದಿದ್ದ, ಸ್ಟಿಯರಿಂಗ್ ನೇತಾಡುತ್ತಿದ್ದ ಅದೇ ಮೊಳೆಗೆ ಸಿಕ್ಕಿಸಿದಳು.

ಇಪ್ಪತ್ತೈದನೆಯ ಆಯುಧಪೂಜೆ ಬಂತು. ನನ್ನ ಬಣ್ಣ ಮತ್ತೆ ಕಡು ಹಸಿರಾಗಿತ್ತು. ಇಟ್ಟಿಗೆಗಳು ಹೋಗಿ ನಾಲ್ಕು ಚಕ್ರ ಬಂದಿದ್ದವು, ಮುಂದೆ ನಾಲ್ಕು ನಿಂಬೆಹಣ್ಣು. ಸ್ಟಿಯರಿಂಗ್ ಇರಬೇಕಾದ ಕಡೆ ಬೋಳು ಕಂಬಿ. ಅಮ್ಮಣ್ಣಿ ಮಿಸ್ ಬಟ್ಟೆಚೀಲ ಹಿಡಿದು ಬಂದರು. ಎಂಬತ್ತೆರಡು ವರ್ಷ. ಚೀಲದಿಂದ ಚಕ್ರ ತೆಗೆದು ಯಶೋದಳ ಕೈಗೆ ಕೊಟ್ಟರು. ಅವಳು ಕೂರಿಸಿದಳು, ಅರಸು ಡಾಕ್ಟರ ಸ್ಪ್ಯಾನರಿನಿಂದ ನಟ್ಟು ಬಿಗಿದಳು. ಬ್ಯಾಟರಿಯ ಎರಡು ತಂತಿ ಕೈಯಲ್ಲಿ ಹಿಡಿದು, ಅಂಗಳಕ್ಕೆಲ್ಲ ಕೇಳುವ ಹಾಗೆ ಕೇಳಿದಳು.

"ಮಿಸ್, ಪ್ಲಸ್ಸು ಯಾವ ಕಡೆ?"

"ಮೈಗೆ."

ಚೆಲುವಾಚಾರಿ ಕುಂಬಳಕಾಯಿ ತಬ್ಬಿಕೊಂಡು ಪಕ್ಕದಲ್ಲೇ ನಿಂತಿದ್ದ. "ಅಮ್ಮಣ್ಣಿಯವ್ರೇ, ಅವತ್ತು ವೈರಿಂಗು ಹಳೇದಾಗಿರ್ಲಿಲ್ಲ. ನಾನೇ..."

"ಗೊತ್ತು ಆಚಾರ್ರೇ. ವಾಸನೆ ಬಂದಿತ್ತು. ಮೂವತ್ತೈದು ವರ್ಷ ಲ್ಯಾಬಲ್ಲಿ ಕೆಲ್ಸ ಮಾಡಿದೀನಿ."

"ಗೊತ್ತಿದ್ದೂ ಸುಮ್ಮನಿದ್ರಾ?"

"ನೀವಾಗಿ ಹೇಳ್ತೀರೇನೋ ಅಂತ ಕಾದೆ. ಲೇಟಾಯ್ತು."

ಮಿಸ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಲಗಡೆ ಕೂತರು. ಚೆಲುವಾಚಾರಿ ಕುಂಬಳಕಾಯಿಯನ್ನು ಪಕ್ಕದವರ ಕೈಗೆ ದಾಟಿಸಿ, ಓಡಿಬಂದು ಎಡಗಡೆಯ ಬಾಗಿಲು ತೆಗೆದ. ತಾನೇ ಹತ್ತುವವನ ಹಾಗೆ ಒಂದು ಕಾಲು ಎತ್ತಿದ್ದ.

"ನೀವಲ್ಲ," ಎಂದರು ಮಿಸ್. "ಯಶೋದಾ, ನೀನು ಬಾ. ಎಡಗಡೆ ನಂಗೆ ಕಾಣಲ್ಲ. ನೀನು ನೋಡಿ ಹೇಳು."

ಅವನು ಕಾಲು ಇಳಿಸಿ ಬಾಗಿಲು ಹಿಡಿದು ನಿಂತ. ಮಗಳು ಹತ್ತಿದಳು. ಯಾರೋ ಕುಂಬಳಕಾಯಿ ಒಡೆದರು.

ಕೀ ತಿರುಗಿತು. ಮೊದಲ ಸಲ ಕೆಮ್ಮಿದೆ. ಎರಡನೆಯ ಸಲ ಅಂಗಳದ ಗಾಡಿಗಳೆಲ್ಲ ನಾಚುವಂತೆ ಗುಡುಗಿದೆ. ಇಪ್ಪತ್ತನಾಲ್ಕು ವರ್ಷದ್ದೆಲ್ಲ ಆ ಗುಡುಗಿನಲ್ಲಿತ್ತು. ಮಿಸ್ ಮೊದಲನೆಯ ಗೇರು ಹಾಕಿದರು. ಕಿರುಗುಟ್ಟಲಿಲ್ಲ. ನಾಲ್ಕು ಹಣ್ಣು ಒಟ್ಟಿಗೆ ಪಚಕ್ಕೆಂದವು. "ಎಡಕ್ಕೆ ಸೈಕಲ್ಲು ಮಿಸ್, ನಿಧಾನ," ಎಂದಳು ಯಶೋದ. "ಹ್ಞೂಂ," ಎಂದರು ಅವರು. ಬೀದಿಯ ತುದಿಯ ಅರಳಿಕಟ್ಟೆ ಸುತ್ತಿ, ಶಾಲೆಯ ಗೇಟಿನವರೆಗೆ ಹೋಗಿ ವಾಪಸು ಬಂದೆವು.

ಅದು ಒಂದೇ ಸಲ. ಮರುವರ್ಷ ಅವರ ಬಲಗಣ್ಣೂ ಹೋಯಿತು. ಈಗ ನಾನು ಅವರ ಮನೆಯ ಹಿಂದಿನ ಶೆಡ್ಡಿನಲ್ಲಿದ್ದೇನೆ. ಭಾನುವಾರ ಯಶೋದ ಮಕ್ಕಳೊಂದಿಗೆ ಬಂದು ಎಂಜಿನ್ ಹಚ್ಚಿ ಬಿಡುತ್ತಾಳೆ. ಮಿಸ್ ಸ್ಟೂಲು ಹಾಕಿಕೊಂಡು ಕಿವಿಗೊಟ್ಟು ಕೂರುತ್ತಾರೆ. ಚೆಲುವಾಚಾರಿಯೂ ಒಮ್ಮೊಮ್ಮೆ ಬಂದು ಗೇಟಿನ ಹತ್ತಿರ ನಿಲ್ಲುತ್ತಾನೆ. ನನ್ನ ಸಿಟ್ಟು ಇಳಿದಿದೆಯೇ ಎಂದು ಕೇಳಬೇಡಿ. ಇಪ್ಪತ್ತನಾಲ್ಕು ಸಲ ನಾಲ್ಕು, ಯಶೋದ ಕೆಳಗಿಡದ ಆ ಒಂದನ್ನು ಬಿಟ್ಟು ತೊಂಬತ್ತೈದು ನಿಂಬೆಹಣ್ಣು ನನ್ನ ಮುಂದೆ ಸುಮ್ಮನೆ ಒಣಗಿವೆ. ಅವರ ಎರಡೂ ಕಣ್ಣು ಚೆನ್ನಾಗಿದ್ದ ವರ್ಷಗಳು ಅವು.

ಚೆಲುವಾಚಾರಿ ಕೊಟ್ಟ ಮಾತನ್ನು ಚೆಲುವಾಚಾರಿ ನಡೆಸಲಿಲ್ಲ. ಅವನ ಮಗಳು ನಡೆಸಿದಳು.