ಜಪ್ತಿಯಾದ ಗುರುತು

ನಾನು ಒಂದು ತಗಡು. ಬರೀ ತಗಡಲ್ಲ, ಆಕಾರ ಕೊರೆದ ತಗಡು. ನನ್ನನ್ನು ಗೋಡೆಗೋ ಅಂಗಿಗೋ ಒತ್ತಿ ಹಿಡಿದು ಮೇಲೆ ಬಣ್ಣದಲ್ಲಿ ಅದ್ದಿದ ಬಟ್ಟೆ ತಟ್ಟಿದರೆ ನನ್ನ ತೂತಿನಲ್ಲಿರುವುದು ಅಲ್ಲಿ ಮೂಡುತ್ತದೆ: ಒಂದು ಹಾಕಿ ಸ್ಟಿಕ್ಕು, ಅದರ ಮುಂದೆ ಒಂದು ಚೆಂಡು. ಹನ್ನೊಂದು ವರ್ಷ ಬೆಟಗೇರಿ ಹುಡುಗಿಯರ ಹಾಕಿ ತಂಡದ ಗುರುತು ನಾನೇ ಆಗಿದ್ದೆ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸ್ವಲ್ಪ ಜಂಬ ಬರುತ್ತದೆ, ಕ್ಷಮಿಸಬೇಕು.

ಹುಟ್ಟಿನ ಬಗ್ಗೆ ಮಾತ್ರ ಜಂಬ ಪಡುವಂಥದ್ದೇನೂ ಇಲ್ಲ. ಮೊದಲು ನಾನು ಶೇಂಗಾ ಎಣ್ಣೆಯ ಡಬ್ಬಿಯ ಒಂದು ಮಗ್ಗುಲಾಗಿದ್ದೆ. ಗದಗಿನ ಹತ್ತಿ ಪ್ರೆಸ್ಸೊಂದರಲ್ಲಿ ದಾವಲಸಾಬ ನದಾಫ ಎಂಬ ಹಿರಿಯರಿದ್ದರು. ಹತ್ತಿಯ ಬೇಲುಗಳ ಮೇಲೆ ನಂಬರು, ವ್ಯಾಪಾರಿಯ ಹೆಸರು ಒತ್ತಲು ತಗಡು ಕೊರೆಯುವುದು ಅವರ ಕೆಲಸ. ಒಂದು ಮಧ್ಯಾಹ್ನ ಅವರ ಬಳಿಗೆ ವಿಠ್ಠಲಸಾ ಬಾಕಳೆ ಬಂದರು. ಬೆಟಗೇರಿಯಲ್ಲಿ ಅವರದೊಂದು ಸೀರೆ ಅಂಗಡಿ. ಸಂಜೆಯಾದರೆ ಅಂಗಡಿ ತಮ್ಮನಿಗೆ ಬಿಟ್ಟು ಓಣಿಯ ಹುಡುಗಿಯರಿಗೆ ಹಾಕಿ ಕಲಿಸುವ ಹುಚ್ಚು ಅವರಿಗೆ. ಹುಡುಗಿಯರ ಅಂಗಿಗೆ ಒಂದು ಗುರುತು ಬೇಕಾಗಿತ್ತು. ಕೈಯಲ್ಲಿ ಹುಲಿಯ ಚಿತ್ರ ಹಿಡಿದಿದ್ದರು, ಬಾಯಲ್ಲಿ ಹಾಕಿ ಸ್ಟಿಕ್ ಕಚ್ಚಿಕೊಂಡ ಹುಲಿ.

"ಹುಲಿ ಆಗಂಗಿಲ್ರಿ," ಎಂದರು ದಾವಲಸಾಬ. "ಕಣ್ಣು ಕೊರದ್ರ ಗುಡ್ಡಿ ಕೆಳಗ ಬೀಳತೈತಿ. ಬಾಯಿ ಕೊರದ್ರ ಹಲ್ಲು ಉದರತಾವ. ತಗಡಿನ್ಯಾಗ ಎಲ್ಲಾ ಒಂದಕ್ಕೊಂದು ಹಿಡಕೊಂಡಿರಬೇಕು. ನಿಮ್ಮ ಹುಡುಗ್ಯಾರು ಆಡೂದು ಹಾಕಿ ಅಲ್ಲೇನು? ಸ್ಟಿಕ್ಕು, ಚೆಂಡು ಸಾಕು ಬಿಡ್ರಿ."

ವಿಠ್ಠಲಸಾ ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಆದರೆ ಚೆಂಡು ಸ್ಟಿಕ್ಕಿಗೆ ತಾಗಿಕೊಂಡೇ ಇರಬೇಕು ಎಂದು ಹಟ ಹಿಡಿದರು. ದಾವಲಸಾಬ ಅದಕ್ಕೂ ತಲೆ ಅಲ್ಲಾಡಿಸಿದರು. ಎರಡು ತೂತು ಕೂಡಿದರೆ ಆ ಜಾಗ ಸಡಿಲಾಗಿ, ಹತ್ತು ಅಂಗಿ ಒತ್ತುವುದರೊಳಗೆ ತಗಡು ಹರಿದುಹೋಗುತ್ತದೆಯಂತೆ. ನಡುವೆ ಒಂದು ಬೆರಳಿನಷ್ಟು ತಗಡು ಬಿಟ್ಟೇ ಕೊರೆದರು. ನನ್ನ ಜನ್ಮ ಆದದ್ದು ಹೀಗೆ.

ಮನೆಗೆ ಹೋಗುವ ದಾರಿಯಲ್ಲಿ ವಿಠ್ಠಲಸಾ ನನ್ನನ್ನು ಬಿಸಿಲಿಗೆ ಹಿಡಿದು ನೋಡಿದರು. ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು. ಮರುದಿನ ಮೈದಾನದಲ್ಲಿ ಹುಡುಗಿಯರನ್ನು ಕೂರಿಸಿಕೊಂಡು ನನ್ನನ್ನು ಎತ್ತಿ ತೋರಿಸಿದರು. "ನೋಡ್ರಿ ತಂಗೀ, ಈ ಚೆಂಡು ಸ್ಟಿಕ್ಕಿನ ಹತ್ರ ಇಲ್ಲ. ಹೊಂಟೈತಿ. ಯಾರಿಗೋ ಕೊಟ್ಟಾಗೇತಿ. ಇನ್ನ ಮ್ಯಾಲೆ ನಮ್ಮ ಆಟ ಇದ. ಬಂತಾ, ಕೊಡು. ಯಾರೂ ಹಿಡಕೊಂಡು ನಿಂದ್ರಬ್ಯಾಡ್ರಿ."

ದಾವಲಸಾಬರು ತಗಡು ಹರಿಯಬಾರದೆಂದು ಬಿಟ್ಟ ಜಾಗ ಇವರಿಗೆ ಪಾಠವಾಯಿತು. ನನಗೆ ನಗು ಬಂತು. ಆದರೆ ಆ ಆಟ ಈ ಹುಡುಗಿಯರಿಗೆ ಹೇಳಿ ಮಾಡಿಸಿದಂತಿತ್ತು. ಅವರು ಗಿಡ್ಡ, ಮೈಯಲ್ಲಿ ಮಾಂಸ ಕಡಿಮೆ. ದೊಡ್ಡ ದೊಡ್ಡ ಕ್ರೀಡಾ ಹಾಸ್ಟೆಲ್ಲಿನ ಹುಡುಗಿಯರ ಎದುರು ಭುಜಕ್ಕೆ ಭುಜ ಕೊಟ್ಟರೆ ಸೀದಾ ನೆಲಕ್ಕೆ. ಚೆಂಡನ್ನು ಬಂದ ಕೂಡಲೇ ಕೊಟ್ಟುಬಿಟ್ಟರೆ ಎದುರಿನವರು ಧೂಳಿನ ಹಿಂದೆ ಓಡಬೇಕಾಗುತ್ತಿತ್ತು. ಮೈದಾನದ ತುಂಬ "ಕೊಡು, ಕೊಡು" ಎಂಬ ಕೂಗು. ಯಾರಾದರೂ ಒಬ್ಬಳೇ ಚೆಂಡು ಕುಣಿಸಿಕೊಂಡು ಹೋದರೆ ವಿಠ್ಠಲಸಾ ಗೆರೆಯ ಹೊರಗಿನಿಂದ ಎದೆ ತಟ್ಟಿಕೊಂಡು ತೋರಿಸುತ್ತಿದ್ದರು. ಹುಡುಗಿಯರ ಎದೆಯ ಮೇಲೆ ನಾನಿದ್ದೆನಲ್ಲ, ಬಗ್ಗಿ ನನ್ನನ್ನು ನೋಡಲಿ ಎಂದು.

ಅಂಗಿ ಹೊಲಿಯುತ್ತಿದ್ದವನು ಚನ್ನಬಸಪ್ಪ ಟೇಲರ್. ಅವನ ಅಂಗಡಿಯ ಮೇಜಿನ ಮೇಲೆಯೇ ನನ್ನನ್ನಿಟ್ಟು ನೀಲಿ ಬಣ್ಣ ಒತ್ತುತ್ತಿದ್ದರು. ಪಂದ್ಯವಿದ್ದಾಗ ಹುಡುಗಿಯರು ನನ್ನನ್ನು ಹೊತ್ತು ಓಣಿ ತಿರುಗಿ, ಗೋಡೆಗಳ ಮೇಲೆಲ್ಲ ಒತ್ತಿ ಬರುತ್ತಿದ್ದರು. ಗಿರಣಿಯ ಗೋಡೆ, ನೀರಿನ ಟ್ಯಾಂಕು, ಶಾಲೆಯ ಕಂಪೌಂಡು, ಎಲ್ಲಿ ನೋಡಿದರೂ ನಾನೇ. ತಂಡ ಎಂದರೆ ನಾನು, ನಾನಿಲ್ಲದಿದ್ದರೆ ಇವರು ಯಾರೋ ಹನ್ನೊಂದು ಹುಡುಗಿಯರು, ಅಷ್ಟೇ ಎಂದು ನನ್ನ ತಲೆಗೆ ಏರಿದ್ದು ಆಗಲೇ.

ಹನ್ನೊಂದನೆಯ ವರ್ಷ ತಂಡ ಮೊದಲ ಬಾರಿಗೆ ಜಿಲ್ಲಾ ಕಪ್ಪಿನ ಫೈನಲ್ಲಿಗೆ ಬಂತು. ಆಗ ಕ್ಯಾಪ್ಟನ್ ಶಿವಲೀಲಾ. ಎಂಟು ವರ್ಷದವಳಿದ್ದಾಗ ತಂಡಕ್ಕೆ ಬಂದವಳು, ಮೊದಲ ಅಂಗಿ ಅವಳ ಮೊಣಕಾಲು ಮುಟ್ಟುತ್ತಿತ್ತು. ಅದೇ ಹೊತ್ತಿಗೆ ನಗರಸಭೆಯ ಚುನಾವಣೆಯೂ ಬಂತು. ನಮ್ಮ ವಾರ್ಡಿನಲ್ಲಿ ಒಬ್ಬರು ಹಳೆಯ ಮೆಂಬರು ನಿಂತಿದ್ದರು. ಅವರ ಪರವಾಗಿ ಓಡಾಡುವವರು ಶಿವಲೀಲಾಳ ಅಪ್ಪ ಗುರುಶಾಂತಪ್ಪ. ಎದುರಿಗೆ ಪಕ್ಷೇತರನಾಗಿ ನಿಂತವನು ನಮ್ಮ ಚನ್ನಬಸಪ್ಪ. ಬದುಕಿನಲ್ಲಿ ಒಮ್ಮೆಯಾದರೂ ತನ್ನ ಹೆಸರು ಅಚ್ಚಾಗಿದ್ದನ್ನು ನೋಡಬೇಕು ಎಂಬುದು ಅವನ ಆಸೆ. ಹೊಲಿಗೆ ಯಂತ್ರದ ಚಿಹ್ನೆ ಕೇಳಿದ್ದ. ಅದನ್ನೇ ಇನ್ನೊಬ್ಬರೂ ಕೇಳಿದ್ದರಿಂದ ಚೀಟಿ ಎತ್ತಿದರು. ಅವನಿಗೆ ಬಂದ ಚಿಹ್ನೆ ಹಾಕಿ ಸ್ಟಿಕ್ಕು ಮತ್ತು ಚೆಂಡು.

ಇದು ಹುಡುಗಿಯರಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಫೈನಲ್ಲಿನ ಹುರುಪಿನಲ್ಲಿ ನನ್ನನ್ನು ಹೊತ್ತು ಹೊರಟು, ಇಡೀ ವಾರ್ಡಿನ ಗೋಡೆಗಳಿಗೆ ಹೊಸದಾಗಿ ಒತ್ತಿದರು. ಶಿವಲೀಲಾ ತನ್ನ ಮನೆಯ ಕಂಪೌಂಡಿಗೆ ಎರಡು ಸಲ ಒತ್ತಿದಳು, ಕ್ಯಾಪ್ಟನ್ ಮನೆಯಲ್ಲವೇ. ಗುರುಶಾಂತಪ್ಪ ಚಹಾ ಕುಡಿಯುತ್ತ ಹೊರಗೆ ಬಂದು ನೋಡಿದರೆ, ತಮ್ಮ ಗೋಡೆಯ ಮೇಲೆ ಎದುರಾಳಿಯ ಚಿಹ್ನೆ, ಒತ್ತಿದವಳು ಸ್ವಂತ ಮಗಳು. ಅವರ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು.

ಅವರು ದೂರು ಕೊಟ್ಟರು, ಹತ್ತೂವರೆಗೆ ಚುನಾವಣೆಯ ಜೀಪು ಬಂತು. ಸುಣ್ಣದ ಬಕೀಟು ತಂದು ನನ್ನ ಹನ್ನೊಂದು ವರ್ಷದ ಗುರುತುಗಳನ್ನೆಲ್ಲ ಒಂದೊಂದಾಗಿ ಬಳಿದು ಮುಚ್ಚಿದರು. ನನ್ನನ್ನು ಪಂಚನಾಮೆ ಮಾಡಿ ಜಪ್ತಿ ಮಾಡಿಕೊಂಡರು. ಎಣ್ಣೆ ಡಬ್ಬಿಯ ಮಗ್ಗುಲಿಗೆ ಇಬ್ಬರು ಪಂಚರ ಸಹಿ ಬಿತ್ತು. ಗುರುತು ಇರುವ ಅಂಗಿಯಲ್ಲಿ ಫೈನಲ್ ಆಡುವಂತಿಲ್ಲ ಎಂದೂ ಹೇಳಿದರು.

ಆಮೇಲೆ ನಾನು ಜೀಪಿನ ಹಿಂದಿನ ಸೀಟಿನಲ್ಲೇ ಬಿದ್ದಿದ್ದೆ. ಜೀಪಿನ ಸಾಹೇಬರು ಹಾದಿಮನಿ, ನೀರಾವರಿ ಇಲಾಖೆಯವರು, ಚುನಾವಣೆ ಡ್ಯೂಟಿಗೆ ಸಿಕ್ಕಿಬಿದ್ದವರು. ಎರಡು ದಿನದ ಮೇಲೆ ಚನ್ನಬಸಪ್ಪ, ಶಿವಲೀಲಾ ಇಬ್ಬರೂ ಜೀಪಿನ ಹತ್ತಿರ ಬಂದು ನಿಂತರು.

"ಸಾಹೇಬ್ರ, ನನಗ ಈ ಚುನಾವಣಿನ ಬ್ಯಾಡ್ರಿ," ಎಂದ ಚನ್ನಬಸಪ್ಪ. "ಹೆಸರು ತಗದುಬಿಡ್ರಿ. ಹುಡುಗ್ಯಾರ ಆಟ ಹಾಳಾಗೂದು ಬ್ಯಾಡ."

"ವಾಪಸ್ ತಗೊಳ್ಳೂ ದಿನ ಮುಗದೈತಿ ಮಾರಾಯಾ. ಈಗ ನೀ ಬಿಟ್ರೂ ಚುನಾವಣಿ ನಿನ್ನ ಬಿಡಂಗಿಲ್ಲ."

ಶಿವಲೀಲಾ ಮೆಲ್ಲಗೆ ಹೇಳಿದಳು. "ಸರ್, ಐದು ಮಂದಿ ಪ್ರ್ಯಾಕ್ಟೀಸಿಗೆ ಬರವಲ್ರು. ಅವರ ಮನ್ಯಾಗ ಎಲ್ಲಾರೂ ಚನ್ನಬಸಪ್ಪ ಕಾಕಾನ ಕಡೆ. ನಮ್ಮಪ್ಪ ಕಂಪ್ಲೇಂಟ್ ಕೊಟ್ಟಾನಂತ ನನ್ನ ಜೋಡಿ ಮಾತ ಬಿಟ್ಟಾರ. ಮನ್ಯಾಗ ನೋಡಿದ್ರ, ಆ ಅಂಗಿ ಹಾಕ್ಕೊಂಡು ಹೊಂಟ್ರ ತಿರುಗಿ ಬರಬ್ಯಾಡ ಅಂತಾನ ಅಪ್ಪ. ತಂಡ ಒಡದ್ರ ಮತ್ತ ಕೂಡಂಗಿಲ್ರಿ."

ಹಾದಿಮನಿಯವರು ನನ್ನ ಕಡೆ ನೋಡಿದರು, ಅವಳ ಕಡೆ ನೋಡಿದರು. "ಬಿಳಿ ಅಂಗಿ ಹಾಕ್ಕೊಂಡು ಆಡ್ರಿ. ಬರೀ ಬಿಳಿ ಅಂಗಿಗೆ ನಂದೂ ತಕರಾರಿಲ್ಲ, ನಿಮ್ಮಪ್ಪಂದೂ ಇರೂದಿಲ್ಲ."

"ಎದಿ ಮ್ಯಾಲೆ ಏನೂ ಇಲ್ದ ನಾವು ಯಾರ್ರಿ, ಸರ್?"

ಸಾಹೇಬರು ಜೀಪು ಹತ್ತಿದರು. ಅವಳ ಪ್ರಶ್ನೆಗೆ ಉತ್ತರ ನನ್ನ ಹತ್ತಿರವಿತ್ತು. ಯಾರೂ ಅಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ಬಹಳ ನಾಚಿಕೆಪಟ್ಟಿದ್ದೇನೆ. ಚನ್ನಬಸಪ್ಪ ಪ್ರಚಾರಕ್ಕೆ ಹೋಗುವುದನ್ನು ಬಿಟ್ಟು ಅಂಗಡಿಯಲ್ಲಿ ಕೂತು ಬಿಳಿ ಅಂಗಿ ಹೊಲಿದ.

ಭಾನುವಾರ ಫೈನಲ್. ಮೈದಾನದಲ್ಲಿ ಯಾರೂ ಚಿಹ್ನೆ ತೋರಿಸದಂತೆ ನೋಡಿಕೊಳ್ಳಲು ಜೀಪೂ ಬಂತು, ವಿಡಿಯೋ ತೆಗೆಯುವವನೂ ಬಂದ. ಹಿಂದಿನ ಸೀಟಿನಿಂದ ನನಗೆ ಇಡೀ ಮೈದಾನ ಕಾಣುತ್ತಿತ್ತು. ಗೆರೆಯ ಹತ್ತಿರ ಬಿಳಿ ಅಂಗಿಯವರು ಆರೇ ಜನ. ವಿಠ್ಠಲಸಾ ಗಡಿಯಾರ ನೋಡುತ್ತಿದ್ದರು. ನಾನು ದೇವರನ್ನು ನಂಬುವ ಪೈಕಿ ಅಲ್ಲ, ಆದರೂ ಅವತ್ತು ಬೇಡಿಕೊಂಡೆ. ಕೊನೆಗೆ ಗೇಟಿನಲ್ಲಿ ಮಾತು ಬಿಟ್ಟ ಐವರ ಪೈಕಿ ಸುನಂದಾ ಕಾಣಿಸಿದಳು, ಅವಳ ಹಿಂದೆ ಉಳಿದ ನಾಲ್ವರು. ಯಾರೂ ಶಿವಲೀಲಾಳ ಮುಖ ನೋಡಲಿಲ್ಲ. ಆದರೆ ಬಂದರು, ಅದೇ ದೊಡ್ಡದು.

ಇನ್ನೇನು ಸೀಟಿ ಊದಬೇಕು, ಗುರುಶಾಂತಪ್ಪ ಜೀಪಿನತ್ತ ದುಡುದುಡು ಬಂದರು. "ಸಾಹೇಬ್ರ, ಅಂಗಿ ಬದಲಿ ಮಾಡಿದ್ರ ಮುಗೀತೇನ್ರಿ? ಅಲ್ಲಿ ನೋಡ್ರಿ. ಇಪ್ಪತ್ತೆರಡು ಮಂದಿ ಕೈಯಾಗ ಚಿಹ್ನಿ ಹಿಡಕೊಂಡು ನಿಂತಾರ! ನಡುವ ಚೆಂಡೂ ಐತಿ!"

ಹಾದಿಮನಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಗುರುಶಾಂತಪ್ಪನವರ, ಇದ ಊರಾಗ ಒಬ್ಬರಿಗೆ ಫ್ಯಾನ್ ಚಿಹ್ನಿ ಕೊಟ್ಟಾರ. ಹಂಗಂತ ಮಂದಿ ಫ್ಯಾನ್ ಆರಿಸಿ ಬೆವತು ಸಾಯಬೇಕೇನ್ರಿ? ಬರ್ರಿ, ಇಲ್ಲಿ ನೆರಳೈತಿ, ನಿಂತು ಆಟ ನೋಡ್ರಿ."

ವಿಡಿಯೋದವನು ಕಿಸಕ್ಕನೆ ನಕ್ಕ. ಗುರುಶಾಂತಪ್ಪ ನೆರಳಿಗೆ ಬಂದು ನಿಂತರು, ಮುಖ ಮಾತ್ರ ಬಿಸಿಲಿನಲ್ಲೇ ಇತ್ತು.

ಮೊದಲರ್ಧ ನೋಡಿ ನನ್ನ ಜೀವ ಹೋಯಿತು. ಬಿಳಿ ಅಂಗಿಯಲ್ಲಿ ಅವರು ಯಾವ ಊರಿನ ಯಾವ ತಂಡವಾದರೂ ಆಗಬಹುದಿತ್ತು. ಒಬ್ಬೊಬ್ಬಳೂ ಚೆಂಡು ಸಿಕ್ಕರೆ ತಾನೇ ಕುಣಿಸಿಕೊಂಡು ಹೋಗುವುದು, ಎದುರಿನವರ ಸ್ಟಿಕ್ಕಿಗೆ ಸಿಕ್ಕಿಸುವುದು. ಚನ್ನಬಸಪ್ಪನ ಕಡೆಯ ಐದು ಜನ ಉಳಿದ ಆರು ಜನಕ್ಕೆ ಕೊಡಲೊಲ್ಲರು, ಇವರು ಅವರಿಗೆ ಕೊಡಲೊಲ್ಲರು. ವಾರ್ಡಿನ ಜಗಳ ಮೈದಾನಕ್ಕೂ ಬಂದಿತ್ತು. ವಿಠ್ಠಲಸಾ ಎದೆ ತಟ್ಟಿ ತೋರಿಸಿದರೆ, ಎದೆಯ ಮೇಲೆ ನೋಡಿಕೊಳ್ಳಲು ಏನೂ ಇರಲಿಲ್ಲ. ಎದುರಿನವರು ಒಂದು ಗೋಲು ಹೊಡೆದರು.

ಎರಡನೆಯ ಅರ್ಧದಲ್ಲಿ ಶಿವಲೀಲಾಳಿಗೆ ಡಿ ವೃತ್ತದೊಳಗೆ ಚೆಂಡು ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಬೇರೆ ಯಾರಾದರೂ ಆಗಿದ್ದರೆ ಹೊಡೆದೇಬಿಡುತ್ತಿದ್ದರು. ಬಲಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ಸುನಂದಾ ಇದ್ದಳು, ವಾರದಿಂದ ಇವಳೊಡನೆ ಮಾತು ಬಿಟ್ಟ ಸುನಂದಾ. ಶಿವಲೀಲಾ ಹೊಡೆಯಲಿಲ್ಲ. ಚೆಂಡು ಬಂತು, ಕೊಟ್ಟಳು. ಸುನಂದಾಳಿಗೆ ಯೋಚಿಸಲು ಸಮಯವೇ ಇರಲಿಲ್ಲ, ಸ್ಟಿಕ್ ಒಡ್ಡಿದಳು. ಗೋಲು.

ಆಮೇಲೆ ಹುಡುಗಿಯರಿಗೆ ಏನಾಯಿತೋ! ಸುನಂದಾ ಕೊಟ್ಟಳು, ಮತ್ತೊಬ್ಬಳು ಕೊಟ್ಟಳು, ಚೆಂಡು ಯಾರ ಹತ್ತಿರವೂ ಕ್ಷಣ ನಿಲ್ಲದೆ ಹನ್ನೊಂದು ಜನರ ನಡುವೆ ಹರಿದಾಡಿತು. ಜೀಪಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಎದುರಿನ ತಂಡದ ಕಡೆಯ ಮುದುಕರೊಬ್ಬರು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಇವು ಬೆಟಗೇರಿ ಹುಡುಗ್ಯಾರಪ. ಇಷ್ಟೊತ್ತು ನನಗ ಗುರುತ ಸಿಕ್ಕಿದ್ದಿಲ್ಲ ನೋಡು."

ಕೊನೆಯ ನಿಮಿಷದಲ್ಲಿ ಶಿವಲೀಲಾಳ ಹತ್ತಿರ ಮತ್ತೆ ಚೆಂಡು ಬಂತು. ಸುತ್ತ ಮೂವರು ಮುತ್ತಿದರು. ಆಗ ಜೀಪಿನ ಪಕ್ಕದಿಂದ ಯಾರೋ ಗಂಟಲು ಹರಿಯುವಂತೆ ಕೂಗಿದರು. "ಕೊಡು ಯವ್ವಾ, ಕೊಡು! ಸುನಂದಾ ಅದಾಳ ನೋಡ ಅಲ್ಲಿ, ಕೊಡು!" ತಿರುಗಿ ನೋಡಿದರೆ ಗುರುಶಾಂತಪ್ಪ. ಟೋಪಿ ಕೈಯಲ್ಲಿ, ಕಣ್ಣಲ್ಲಿ ನೀರು. ಸುನಂದಾಳ ಮನೆ ಯಾರ ಕಡೆ ಎಂಬುದು ಅವರಿಗೆ ಮರೆತೇ ಹೋಗಿತ್ತು. ಶಿವಲೀಲಾ ಕೊಟ್ಟಳು. ಎರಡನೆಯ ಗೋಲು ಬಿದ್ದಾಗ ಹಾದಿಮನಿ ಸಾಹೇಬರು ಡ್ಯೂಟಿ ಮರೆತು ಬಾನೆಟ್ಟಿನ ಮೇಲೆ ಗುದ್ದಿದರು. ನಾನು ಸೀಟಿನಿಂದ ಜಾರಿ ಕೆಳಗೆ ಬಿದ್ದೆ.

ಬಿದ್ದಲ್ಲೇ ಒಂದು ನಿಟ್ಟುಸಿರು ಬಿಟ್ಟೆ. ಹನ್ನೊಂದು ವರ್ಷ ಒಂದು ಹೆದರಿಕೆ ನನ್ನೊಳಗಿತ್ತು ಎಂಬುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ನಾನು ತುಕ್ಕು ಹಿಡಿದರೆ, ಹರಿದರೆ, ಕಳೆದುಹೋದರೆ ಇವರ ಗತಿ ಏನು ಎಂಬ ಹೆದರಿಕೆ. ಗೋಡೆಗಳ ಮೇಲೆ ಸುಣ್ಣ ಬಳಿದಿತ್ತು, ಅಂಗಿಯಲ್ಲಿ ನಾನಿರಲಿಲ್ಲ, ಆದರೂ ಕುರ್ಚಿಯ ಮುದುಕರಿಗೆ ಅವರು ಯಾರೆಂದು ಗೊತ್ತಾಗಿತ್ತು. ನನ್ನ ಮೈ ಹಗುರಾಯಿತು.

ಚುನಾವಣೆಯಲ್ಲಿ ಚನ್ನಬಸಪ್ಪ ಸೋತ. "ಸೋತೆ, ಬದುಕಿದೆ," ಎಂದು ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದ. ಮತಪತ್ರದಲ್ಲಿ ತನ್ನ ಹೆಸರು ಅಚ್ಚಾಗಿದ್ದನ್ನು ನೋಡಿದ್ದ, ಅದು ಸಾಕಿತ್ತು. ನನ್ನನ್ನು ರಶೀದಿ ಬರೆದು ಬಿಡುಗಡೆ ಮಾಡಿದರು. ವಿಠ್ಠಲಸಾ ಹೊಸ ಬಣ್ಣದ ಡಬ್ಬಿ ತಂದರು, ಆದರೆ ಹುಡುಗಿಯರು ಬಿಳಿ ಅಂಗಿಯೇ ಇರಲಿ ಎಂದರು. "ಮುಂದಿನ ಸಲ ಯಾರಿಗೆ ಯಾವ ಚಿಹ್ನಿ ಬರತೈತೋ ಯಾರಿಗೆ ಗೊತ್ತು, ಕಾಕಾ," ಎಂದಳು ಸುನಂದಾ, ಶಿವಲೀಲಾಳ ಹೆಗಲ ಮೇಲೆ ಕೈ ಹಾಕಿಕೊಂಡು.

ಈಗ ನಾನು ಚನ್ನಬಸಪ್ಪನ ಅಂಗಡಿಯಲ್ಲಿದ್ದೇನೆ. ಅವನು ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಮೇಲೆ ಇಳಿಸಿಡುತ್ತಾನೆ. ಕೆಲಸ ಸಣ್ಣದು, ಆದರೆ ಚಳಿಗಾಲಕ್ಕೆ ಹಿತವಾಗಿರುತ್ತದೆ. ಅಂಚು ಕಂದಿದೆ, ಅಲ್ಲಲ್ಲಿ ತುಕ್ಕು ಬಂದಿದೆ. ವಿಠ್ಠಲಸಾ ಅವರಿಗೆ ಮೊಣಕಾಲು ನೋವು, ತಂಡವನ್ನು ಶಿವಲೀಲಾ ನೋಡಿಕೊಳ್ಳುತ್ತಾಳೆ. ಮೊನ್ನೆ ಅವಳು ಹೊಸ ಹುಡುಗಿಯೊಬ್ಬಳನ್ನು ಅಳತೆಗೆ ಕರೆದುಕೊಂಡು ಬಂದಿದ್ದಳು. ಹುಡುಗಿ ಬಿಳಿ ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು. "ಅಕ್ಕಾ, ಇದರ ಮ್ಯಾಲೆ ಏನೂ ಇಲ್ಲಲ್ಲ? ನಾವು ಯಾರಂತ ಮಂದಿಗೆ ಹೆಂಗ ಗೊತ್ತಾಗಬೇಕು?"

ನಾನು ಮೇಜಿನ ಮೇಲೆ, ಅವಳ ಮೊಣಕೈಯ ಪಕ್ಕದಲ್ಲೇ ಇದ್ದೆ. ಶಿವಲೀಲಾ ನನ್ನನ್ನು ತೋರಿಸಬಹುದಿತ್ತು. ತೋರಿಸಲಿಲ್ಲ.

"ನಾಳೆ ಸಂಜಿಗೆ ಮೈದಾನಕ್ಕ ಬಾ," ಎಂದಳು. "ನಿನಗ ಯಾರಾರ ಚೆಂಡು ಕೊಡ್ತಾರ. ಆಗ ಗೊತ್ತಾಕ್ಕೈತಿ."

ತೋರಿಸದೆ ಇದ್ದದ್ದಕ್ಕೆ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಚನ್ನಬಸಪ್ಪ ಇಸ್ತ್ರಿ ಇಳಿಸಿಟ್ಟಿದ್ದೂ ನನಗೆ ತಿಳಿಯಲಿಲ್ಲ.